ಕಾವಿಯ ಮೇಲೆ ಕೂತ ಪತಂಗ

ಹೇಮಾವತಿಯ ದಡದ ಆಶ್ರಮದಲ್ಲಿ ಬೋಧಮೂರ್ತಿ ಸ್ವಾಮಿಗಳಿಗೆ ಎರಡೇ ಹುಚ್ಚು. ಒಂದು ಮೌನ, ಇನ್ನೊಂದು ಪತಂಗ. ಅವರಿಂದ ಮೌನವನ್ನು ಯಾರೂ ಕಲಿತಿರಲಿಲ್ಲ. ಪತಂಗದ ಮಾತು ಬಂದರೆ ಅವರೇ ಬಾಯಿ ಮುಚ್ಚುತ್ತಿರಲಿಲ್ಲ.

ಶಿಷ್ಯೆ ವಿಶಾಲಾಕ್ಷಿ ಐದು ವರ್ಷದಿಂದ ಬಿಳಿ ಸೀರೆಯಲ್ಲಿದ್ದಳು. ದೀಕ್ಷೆ ಕೊಡಿ, ನಾನೂ ಕಾವಿ ಉಡುತ್ತೇನೆ ಎಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ. ಮೊದಲು ಬೂದಿಬೆನ್ನು ಯಾವುದು, ಕೆಂಬೆನ್ನು ಯಾವುದು ಗುರುತಿಸು, ಆಮೇಲೆ ನೋಡೋಣ.

ಅವೆರಡೂ ಒಂದೇ ಕುಲದ ಪತಂಗಗಳು. ಅದೇ ಗಾತ್ರ, ರೆಕ್ಕೆಯ ಮೇಲೆ ಅದೇ ಮೂರು ಗೆರೆ. ಒಂದರ ಬೆನ್ನು ಬೂದಿ, ಇನ್ನೊಂದರದು ಕೊಂಚ ಕೆಂಪು, ಅಷ್ಟೇ ವ್ಯತ್ಯಾಸ. ಕೆಂಬೆನ್ನು ಆ ದಡದಲ್ಲಿ ಕಂಡು ಎಷ್ಟೋ ವರ್ಷವಾಗಿತ್ತು.

ಒಂದು ಬೆಳಿಗ್ಗೆ ಅವಳು ಮೊಬೈಲು ಹಿಡಿದು ಓಡಿ ಬಂದಳು. ಫೋಟೋದ ತುಂಬಾ ಪತಂಗ. ಬೆನ್ನು ಕೆಂಪಗಿತ್ತು.

"ಕೆಂಬೆನ್ನು, ಬುದ್ಧಿ."

ಸ್ವಾಮಿಗಳು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು.

"ಎಲ್ಲಿ ಕೂತಿತ್ತು?"

ಪತಂಗ ದೊಡ್ಡದಾಗಿ ಕಾಣಲಿ ಎಂದು ಅವಳು ಫೋಟೋದಲ್ಲಿ ಸುತ್ತಲಿನದ್ದನ್ನೆಲ್ಲ ಕತ್ತರಿಸಿ ಹಾಕಿದ್ದಳು. ಹಗ್ಗದ ಮೇಲೆ ಒಣಹಾಕಿದ್ದ ನಿಮ್ಮ ಪಂಚೆಯ ಮಡಿಕೆಯಲ್ಲಿ, ಇನ್ನೂ ಅಲ್ಲೇ ಇದೆ ಎಂದಳು.

ಇಬ್ಬರೂ ಹೋದರು. ಎಳೆಬಿಸಿಲು ಕಾವಿ ಪಂಚೆಯನ್ನು ಹಾಯ್ದು ಬರುತ್ತಿತ್ತು. ಮಡಿಕೆಯೊಳಗೆ ಕೈ ಚಾಚಿದರೆ ಸ್ವಾಮಿಗಳ ಮುಂಗೈಯ ನರೆಗೂದಲೂ ಕೆಂಪಾಗಿ ಕಂಡಿತು.

"ನಿನ್ನ ಸೆರಗು ಹಿಡಿ, ತಾಯಿ."

ಅವಳು ಹಿಡಿದಳು. ಅವರು ಹುಲ್ಲುಕಡ್ಡಿಯಿಂದ ಪತಂಗವನ್ನು ಮೆಲ್ಲಗೆ ಬಿಳಿ ಸೆರಗಿಗೆ ದಾಟಿಸಿದರು. ಅದು ನಾಲ್ಕು ಹೆಜ್ಜೆ ನಡೆದು ನಿಂತಿತು.

ಬೆನ್ನು ಬೂದಿ.

ವಿಶಾಲಾಕ್ಷಿಗೆ ಅಳು ಬಂತು. ಐದು ವರ್ಷ ಕಾದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡಳು. ಕಾವಿ ಬೇಕು ಬೇಕು ಎಂದು ಕಣ್ಣಿಗೂ ಕಾವಿಯೇ ಕಂಡಿತ್ತಲ್ಲ ಎಂದು ನಾಚಿಕೆಯೂ ಆಯಿತು.

"ಇನ್ನು ನನಗೆ ಕಾವಿ ಇಲ್ಲ ಅಲ್ವಾ, ಬುದ್ಧಿ?"

ಸ್ವಾಮಿಗಳು ಪಂಚೆ ತೆಗೆದು ಮಡಚಿ ಹೆಗಲಿಗೆ ಹಾಕಿಕೊಂಡರು. ಅವರ ಮುಖದಲ್ಲಿದ್ದ ಅಕ್ಕರೆ ಕಂಡು ಅವಳಿಗೆ ಅಳು ಇನ್ನೂ ಹೆಚ್ಚಾಯಿತು.

"ಯಾಕಿಲ್ಲ? ಆದರೆ ಅದನ್ನ ಉಟ್ಟ ಮೇಲೆ ನಿನ್ನ ಬಣ್ಣ ಯಾವುದು ಅಂತ ನನಗೂ ಗೊತ್ತಾಗಲ್ಲ, ತಾಯಿ. ಇನ್ನೊಂದಷ್ಟು ದಿನ ಕಣ್ತುಂಬ ನೋಡ್ಕೋತೀನಿ, ಬಿಡು."