ನೆಲೆ ಮತ್ತು ಮೇಲೆ

“ಚೆನ್ನಾಗಿ ಇಳಿಸಬಲ್ಲವನಿಗೂ ನಿಯಮ ಬೇಕೇ ಸರ್?”

ಹೀಗೆ ಕೇಳಿದವನು ಸುಧನ್ವ. ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ ಹನ್ನೆರಡು ಮಂದಿಯಲ್ಲಿ ಅವನ ಕೈ ಎಲ್ಲರಿಗಿಂತ ಹದವಾಗಿತ್ತು. ಕೇಳಿಸಿಕೊಂಡವರು ಅವನ ಗುರು, ಕ್ಯಾಪ್ಟನ್ ನಂಜರಾಜ ಅರಸು. ಆ ಬೆಳಿಗ್ಗೆ ಸುಧನ್ವ ರನ್‌ವೇಗೆ ತೀರ ಎತ್ತರದಲ್ಲಿ ಬಂದು, ವಿಮಾನದ ಮೂಗು ಬಗ್ಗಿಸಿ, ಕಡಿದಾಗಿ ಇಳಿದಿದ್ದ. ಆದರೂ ಚಕ್ರ ನೆಲ ಮುಟ್ಟಿದ್ದೇ ತಿಳಿಯದಷ್ಟು ನಯವಾಗಿ ಇಳಿಸಿದ್ದ. ಅರಸು ಅವರು ಅವನ ಹೆಸರಿನ ಮುಂದೆ ‘ಒಂಟಿಯಾಗಿ ಹಾರಲು ಇನ್ನೂ ತಕ್ಕವನಲ್ಲ’ ಎಂದು ಬರೆದಿದ್ದರು. ಅವನಿಗೆ ಸಿಟ್ಟು ಬಂದಿತ್ತು.

ಅರಸು ಅವರು ಚಹಾದ ಲೋಟ ಕೆಳಗಿಟ್ಟರು. “ಕೂತುಕೋ. ಒಂದು ಕತೆ ಹೇಳುತ್ತೇನೆ. ಅಷ್ಟರಲ್ಲಿ ನಿನ್ನ ಸಿಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಹೇಳತೊಡಗಿದರು.

ಒಂದು ಬೆಟ್ಟದ ಸೀಮೆಯಲ್ಲಿ ಚಿಕ್ಕದೊಂದು ವಿಮಾನ ನಿಲ್ದಾಣವಿತ್ತು. ಬೆಟ್ಟದ ಮಗ್ಗುಲನ್ನು ಕಡಿದು ರನ್‌ವೇ ಮಾಡಿದ್ದರು. ಅದರ ಕೊನೆಯಲ್ಲಿ ದೊಡ್ಡ ಬಂಡೆ. ಬೇರೆ ಕಡೆ ಇಳಿಯುವಾಗ ವಿಮಾನ ನೂರು ಅಡಿ ಮುಂದೆ ಬಂದರೆ ಐದು ಅಡಿ ಕೆಳಗೆ ಬರುತ್ತದೆ. ಇಲ್ಲಿ ಎದುರಿಗೇ ಒಂದು ಗುಡ್ಡ ಅಡ್ಡವಿತ್ತು. ಅದನ್ನು ದಾಟಿ ಬಂದವರು ನೂರಕ್ಕೆ ಹತ್ತು ಅಡಿಯಂತೆ ಇಳಿಯಬೇಕಾಗಿತ್ತು. ಅಷ್ಟು ಕಡಿದಾಗಿ ಇಳಿಯುವ ವಿಮಾನ ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಓಡಲು ನೋಡುತ್ತದೆ. ಅದನ್ನು ಇಳಿಸಲೂ ಬೇಕು, ತಡೆಯಲೂ ಬೇಕು. ಎರಡನ್ನೂ ಒಟ್ಟಿಗೆ ಮಾಡುವುದು ಎಲ್ಲರಿಗೂ ಬರುವುದಿಲ್ಲ.

ಹಾಗೆಂದು ನಿಲ್ದಾಣವೇ ಬೇಡ ಎನ್ನುವಂತಿರಲಿಲ್ಲ. ಆ ಸೀಮೆಯಿಂದ ಆಸ್ಪತ್ರೆಗೆ ಕಾಲುದಾರಿಯಲ್ಲಿ ಮೂರು ದಿನ, ವಿಮಾನದಲ್ಲಿ ಇಪ್ಪತ್ತು ನಿಮಿಷ. ಕಷ್ಟದ ಹೆರಿಗೆಯವರು, ಹಾವು ಕಚ್ಚಿದವರು, ಮರದಿಂದ ಬಿದ್ದವರು ಎಲ್ಲರೂ ಆ ವಿಮಾನವನ್ನೇ ನಂಬಿದ್ದರು.

ಅಲ್ಲಿ ಒಂದು ನಿಯಮವಿತ್ತು. ನೆಲಕ್ಕೆ ಇನ್ನು ಐನೂರು ಅಡಿ ಇರುವಾಗ ವೇಗ, ಇಳಿತ, ದಿಕ್ಕು ಮೂರೂ ಹದಕ್ಕೆ ಬಂದಿರಬೇಕು. ಬಂದಿದ್ದರೆ ಪಕ್ಕದಲ್ಲಿ ಕೂತ ಸಹ ಪೈಲಟ್ ‘ನೆಲೆ’ ಎನ್ನಬೇಕು, ಆಗ ಇಳಿಯುವುದು. ಬಂದಿರದಿದ್ದರೆ ‘ಮೇಲೆ’ ಎನ್ನಬೇಕು. ಆಗ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು, ಎಡಕ್ಕೆ ಕಣಿವೆಯ ಕಡೆ ತಿರುಗಿ, ಇನ್ನೊಮ್ಮೆ ಸುತ್ತಿ ಬರುವುದು. ಐನೂರು ಅಡಿಗಿಂತ ಕೆಳಗೆ ಹೋದರೆ ತಿರುಗಲು ಜಾಗವಿಲ್ಲ. ಆ ಎರಡು ಪದಗಳನ್ನು ಅಲ್ಲಿಯ ಪೈಲಟ್‌ಗಳೇ ಹುಡುಕಿಕೊಂಡಿದ್ದರು. ಚಿಕ್ಕ ಮಾತು, ಚೊಕ್ಕ ಮಾತು ಎಂದು ಬೀಗಿದ್ದರು. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಪ್ರಾಸ ಪದ್ಯಕ್ಕೆ ಚೆನ್ನ, ಎಂಜಿನ್ನಿನ ಸದ್ದಿನಲ್ಲಿ ಚೆನ್ನಲ್ಲ.

ಅಲ್ಲಿ ಒಬ್ಬ ಹಿರಿಯ ಪೈಲಟ್ ಇದ್ದ. ಇಪ್ಪತ್ತು ವರ್ಷದಿಂದ ಅದೇ ಗುಡ್ಡ ದಾಟಿ ಇಳಿದವನು. ಅವನಿಗೆ ಸಹ ಪೈಲಟ್ ಆಗಿ ಒಬ್ಬಳು ಕಿರಿಯ ಪೈಲಟ್ ಬಂದು ಆರು ತಿಂಗಳಾಗಿತ್ತು. ಊಟದ ಹೊತ್ತಿನಲ್ಲಿ ಪೈಲಟ್‌ಗಳಲ್ಲಿ ದಿನವೂ ಒಂದೇ ವಾದ. ಇಷ್ಟು ಕಡಿದಾದ ಇಳಿತಕ್ಕೆ ಬೇಕಾದದ್ದು ಕೈಯೋ, ಕಟ್ಟಳೆಯೋ?

“ಬೆಟ್ಟಕ್ಕೆ ಓದು ಬರಹ ಬರುವುದಿಲ್ಲ ತಾಯಿ” ಎಂದು ಹಿರಿಯ ಒಂದು ದಿನ ನಕ್ಕ. “ನಿನ್ನ ಪುಸ್ತಕ ಅದಕ್ಕೆ ತಿಳಿಯದು.”

“ಬೆಟ್ಟಕ್ಕೆ ಬಡಿದವರನ್ನು ನೋಡಿಯೇ ಪುಸ್ತಕ ಬರೆದಿದ್ದಾರೆ ಸರ್” ಎಂದಳು ಕಿರಿಯಳು.

ಕೆಲವರು ಇತ್ತ ವಾಲಿದರು, ಕೆಲವರು ಅತ್ತ. ಸಾರು ಆರಿತು, ವಾದ ಆರಲಿಲ್ಲ.

ಮರುದಿನ ಮಧ್ಯಾಹ್ನ ಹದಿನೇಳು ಪ್ರಯಾಣಿಕರೊಂದಿಗೆ ಅವರಿಬ್ಬರೂ ಗುಡ್ಡ ದಾಟಿದರು. ಹಿಂದಿನಿಂದ ಗಾಳಿ ನೂಕಿತು. ಐನೂರು ಅಡಿಗೆ ಬಂದಾಗ ವೇಗ ಹದ ಮೀರಿತ್ತು. ಕಿರಿಯಳು “ಮೇಲೆ” ಎಂದಳು. ಹಿರಿಯ ಇಳಿದ. ವಿಮಾನ ಅರ್ಧ ರನ್‌ವೇಯವರೆಗೆ ನೆಲ ಮುಟ್ಟದೆ ತೇಲಿತು. ಮುಟ್ಟಿದ ಮೇಲೆ ಬ್ರೇಕ್ ಕಿರುಚಿತು. ನಿಂತಾಗ ಮೂಗಿಗೂ ಬಂಡೆಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

“ನಾನು ಮೇಲೆ ಅಂದೆ ಸರ್” ಎಂದಳು ಅವಳು.

“ನನಗೆ ನೆಲೆ ಅಂತ ಕೇಳಿಸಿತು” ಎಂದ ಅವನು.

ಪ್ರಯಾಣಿಕರಿಗೆ ಏನೂ ತಿಳಿಯಲಿಲ್ಲ. ಒಬ್ಬ ಮುದುಕಿ ಇಳಿದು ಹೋಗುವಾಗ ಹಿರಿಯನ ಕೈಗೆ ಎರಡು ಬಾಳೆಹಣ್ಣು ಕೊಟ್ಟು, ನೂರು ವರ್ಷ ಬಾಳಪ್ಪ ಎಂದಳು. ಆ ಹಣ್ಣು ಅವನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ನಿಲ್ದಾಣದ ಮುಖ್ಯಸ್ಥ ಪೈಲಟ್‌ಗಳನ್ನೆಲ್ಲ ಕರೆದ. ತಪ್ಪು ಪದಗಳದ್ದು ಎಂದು ಎಲ್ಲರಿಗೂ ಅನಿಸಿತು. ಒಬ್ಬ ‘ಸೈ’ ಮತ್ತು ‘ಏರು’ ಎಂದಿಡೋಣ ಎಂದ. ಇನ್ನೊಬ್ಬ ‘ಇಳಿ’ ಮತ್ತು ‘ಹತ್ತು’ ಎಂದ. ಮತ್ತೊಬ್ಬ, ಹತ್ತು ಎಂದರೆ ಸಂಖ್ಯೆ ಎಂದುಕೊಂಡರೇನು ಗತಿ ಎಂದು ತಗಾದೆ ತೆಗೆದ. ಪಂಡಿತರ ಸಭೆಯಲ್ಲೂ ಅಷ್ಟು ಪದಚರ್ಚೆ ನಡೆದಿರಲಾರದು. ಕಡೆಗೆ ಹಿರಿಯ ಎದ್ದು ನಿಂತ.

“ಪದದ ತಪ್ಪಲ್ಲ. ಮೂರು ವರ್ಷದ ಹಿಂದೆ ಒಮ್ಮೆ ವೇಗ ಹೆಚ್ಚಿದ್ದರೂ ಇಳಿದೆ. ಬದುಕಿದೆ. ಆಮೇಲೆ ಇನ್ನೊಮ್ಮೆ ಇಳಿದೆ. ಆಗಲೂ ಬದುಕಿದೆ. ಅಲ್ಲಿಂದ ನನ್ನ ಕಿವಿ ಕೆಟ್ಟಿತು. ನಿನ್ನೆ ನನಗೆ ಇಳಿಯಬೇಕಾಗಿತ್ತು, ಅದಕ್ಕೆ ನೆಲೆ ಅಂತ ಕೇಳಿಸಿತು. ನೀವು ಏನೇ ಪದ ಇಟ್ಟರೂ ನನಗೆ ಬೇಕಾದದ್ದೇ ನನಗೆ ಕೇಳಿಸುತ್ತದೆ. ಇದನ್ನು ಹೀಗೆಯೇ ಬರೆದುಕೊಳ್ಳಿ.”

ಮುಖ್ಯಸ್ಥ ಗಾಬರಿಯಾದ. ನಿಲ್ದಾಣದ ಪರವಾನಗಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹತ್ತು ದಿನದಲ್ಲಿ ಒಬ್ಬ ಅಧಿಕಾರಿ ಬರುವವನಿದ್ದ. “ಇದನ್ನು ಬರೆದರೆ ನಿಲ್ದಾಣ ಮುಚ್ಚುತ್ತಾರೆ” ಎಂದ.

“ಬರೆಯದಿದ್ದರೆ ಬಂಡೆ ಮುಚ್ಚುತ್ತದೆ” ಎಂದ ಹಿರಿಯ.

ಅವನೇ ಒಂದು ದಾರಿ ಹೇಳಿದ. ‘ಮೇಲೆ’ ಎಂಬ ಪದವನ್ನೇ ತೆಗೆದುಬಿಡುವುದು. ‘ನೆಲೆ’ ಒಂದೇ ಇರಲಿ. ಅದೂ ಸಹ ಪೈಲಟ್ ಎರಡು ಸಲ ಹೇಳಬೇಕು. ಎರಡು ಸಲ ಕೇಳಿಸದಿದ್ದರೆ ಮೇಲಕ್ಕೆ ಹೋಗಬೇಕು. ಇಳಿಯಲು ಅಪ್ಪಣೆ ಬೇಕು, ಏರಲು ಬೇಡ. ಏಕೆ ಏರಿದೆ ಎಂದು ಯಾರೂ ಯಾರನ್ನೂ ಕೇಳಕೂಡದು.

ಕೆಲವರಿಗೆ ಇದು ಹಿಡಿಸಲಿಲ್ಲ. ಇಪ್ಪತ್ತು ವರ್ಷದವನು ಆರು ತಿಂಗಳಿನವಳ ಅಪ್ಪಣೆ ಕೇಳುವುದೇ ಎಂದರು. ಆದರೂ ಮುಖ್ಯಸ್ಥ ಒಪ್ಪಿ, ನಡೆದದ್ದನ್ನೂ ಹೊಸ ನಿಯಮವನ್ನೂ ವರದಿಯಲ್ಲಿ ಬರೆದು ಕಳಿಸಿದ. ಮರುದಿನ ಬೆಳಿಗ್ಗೆ ಆರಕ್ಕೆ ಹಿರಿಯ ಖಾಲಿ ವಿಮಾನ ತೆಗೆದ. ಕಿರಿಯಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವಳಿಗೆ ತೋಚಿದಾಗ ಸುಮ್ಮನಿರಲು ಹೇಳಿದ. ಅವಳು ಸುಮ್ಮನಿದ್ದಾಗಲೆಲ್ಲ, ಇಳಿತ ಎಷ್ಟೇ ಸೊಗಸಾಗಿರಲಿ, ಅವನು ಮೇಲಕ್ಕೆ ಹೋದ. ಮೊದಲ ದಿನ ಅವನ ಕೈ ಒಪ್ಪಲಿಲ್ಲ. ಎರಡನೆಯ ದಿನವೂ ಒಪ್ಪಲಿಲ್ಲ. ಕೆಳಗೆ ಊರಿನವರು ಕತ್ತೆತ್ತಿ ನೋಡಿ, ಪಾಪ, ಮುದುಕನಿಗೆ ಇಳಿಯುವುದೇ ಮರೆತಿದೆ ಎಂದು ಲೊಚಗುಟ್ಟಿದರು. ಅದು ಅವನ ಕಿವಿಗೂ ಬಿತ್ತು, ಮನಸ್ಸಿಗೂ ನೋವಾಯಿತು. ಆದರೂ ಮರುದಿನ ಆರಕ್ಕೆ ಮತ್ತೆ ಹಾರಿದ. ಹೀಗೆ ಹತ್ತು ದಿನ.

ಅಧಿಕಾರಿ ಬರುವ ದಿನ ಬಂತು. ಅವನನ್ನು ಪಟ್ಟಣದಿಂದ ಕರೆತಂದದ್ದು ಇವರದೇ ವಿಮಾನ. ಅಧಿಕಾರಿ ಪೈಲಟ್‌ಗಳ ಬೆನ್ನ ಹಿಂದಿನ ಸೀಟಿನಲ್ಲಿ ಕಾಗದ ಹಿಡಿದು ಕೂತ. ಕೆಳಗೆ ರನ್‌ವೇ ಬದಿಯಲ್ಲಿ ಹೆರಿಗೆ ನೋವಿನ ಒಬ್ಬ ಹೆಂಗಸನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಇದೇ ವಿಮಾನ ಅವಳನ್ನು ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಪರವಾನಗಿ ಹೋದರೆ ಅವಳ ನಂತರ ಇನ್ನಾರಿಗೂ ಆ ದಾರಿ ಇರಲಿಲ್ಲ.

ಗುಡ್ಡ ದಾಟಿದರು. ಗಾಳಿ ನಿಂತಿತ್ತು. ವೇಗ, ಇಳಿತ, ದಿಕ್ಕು ಮೂರೂ ಹದಕ್ಕೆ ಬಂದವು. ಇಪ್ಪತ್ತು ವರ್ಷದಲ್ಲಿ ಅಂಥ ಇಳಿತ ಅವನಿಗೆ ನಾಲ್ಕೈದು ಸಲ ಸಿಕ್ಕಿದ್ದರೆ ಹೆಚ್ಚು. ಐನೂರು ಅಡಿಗೆ ಬಂದಾಗ ಕಿರಿಯಳು “ನೆಲೆ” ಎಂದಳು. ಹಿಂದೆ ಕೂತ ಅಧಿಕಾರಿಯ ನೆನಪಿಗೆ ಅವಳು ತಡವರಿಸಿದಳು. ಎರಡನೆಯ ನೆಲೆ ತುಟಿಯವರೆಗೆ ಬಂದು ಅಲ್ಲೇ ಉಳಿಯಿತು.

ಹಿರಿಯ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟ. ಎಡಕ್ಕೆ ತಿರುಗಿ ಕಣಿವೆಯ ಮೇಲೆ ಏರಿದ. ಕೆಳಗೆ ಮುಖ್ಯಸ್ಥ ತಲೆಯ ಮೇಲೆ ಕೈ ಹೊತ್ತು ಕೂತ. ಮಂಚದ ಸುತ್ತ ಇದ್ದವರು ಕೂಗಾಡಿದರು. ಆರು ನಿಮಿಷದ ಮೇಲೆ ವಿಮಾನ ಮತ್ತೆ ಗುಡ್ಡ ದಾಟಿತು. ಈ ಸಲ ಅವಳು “ನೆಲೆ, ನೆಲೆ” ಎಂದು ಗಟ್ಟಿಯಾಗಿ ಹೇಳಿದಳು. ಅವನು ಇಳಿದ.

“ಮೊದಲ ಸಲವೂ ಎಲ್ಲ ಹದವಾಗಿತ್ತಲ್ಲ?” ಎಂದ ಅಧಿಕಾರಿ.

“ಹದವಾಗಿತ್ತು. ಮಾತು ಬರಲಿಲ್ಲ” ಎಂದ ಹಿರಿಯ.

ಅಧಿಕಾರಿ ಮುಖ್ಯಸ್ಥ ಕಳಿಸಿದ ವರದಿಯನ್ನು ಓದಿಕೊಂಡೇ ಬಂದಿದ್ದ. ಮತ್ತೇನೂ ಕೇಳದೆ, ವಿಮಾನದಿಂದ ಇಳಿಯುವ ಮೊದಲೇ ಪರವಾನಗಿಗೆ ಸಹಿ ಹಾಕಿದ. ಮಂಚದ ಮೇಲಿದ್ದ ಹೆಂಗಸನ್ನು ವಿಮಾನಕ್ಕೆ ಹತ್ತಿಸಿದರು. ಅವಳು ಆಸ್ಪತ್ರೆಯಲ್ಲಿ ಹೆತ್ತಳು. ತಾಯಿಯೂ ಉಳಿದಳು, ಕೂಸೂ ಉಳಿಯಿತು.

ಅರಸು ಅವರು ಕತೆ ಮುಗಿಸಿ ಲೋಟ ಎತ್ತಿಕೊಂಡರು. ಚಹಾ ತಣ್ಣಗಾಗಿತ್ತು. ಸುಧನ್ವನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

“ಹೆಂಗಸು ನೋವು ತಿನ್ನುತ್ತ ಕೆಳಗೆ ಕಾಯುತ್ತಿದ್ದಳು. ಮೊದಲ ಸಲವೇ ಇಳಿದುಬಿಟ್ಟಿದ್ದರೆ ಏನಾಗುತ್ತಿತ್ತು ಸರ್?” ಎಂದು ಕೇಳಿದ.

“ಏನೂ ಆಗುತ್ತಿರಲಿಲ್ಲ ಕಣಯ್ಯ; ಅದಕ್ಕೇ ಅವನು ಇಳಿಯಲಿಲ್ಲ.”