ಅಲೆ ಮರಳುಮನೆಯನ್ನು ಅಳಿಸುವುದೇಕೆ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ. ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಆಗ ಸಮುದ್ರಕ್ಕೆ ಅಲೆಯೇ ಇರಲಿಲ್ಲ ಮಗಾ. ತಟ್ಟೆಯಲ್ಲಿಟ್ಟ ಗಂಜಿಯ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು.

ದಡದಲ್ಲಿ ದುಗ್ಗಮ್ಮ ಎಂಬ ಮುದುಕಿಯ ಕುಲುಮೆ ಇತ್ತು. ಮಕ್ಕಳಿಲ್ಲದ ಅವಳು ಕಬ್ಬಿಣ ಬಡಿದು ಒಂದು ಯಂತ್ರ ಮಾಡಿದಳು. ಅದಕ್ಕೆ ಉದ್ದುದ್ದ ತೋಳು, ಬೇಕಾದ್ದಕ್ಕಿಂತ ಜಾಸ್ತಿ ಬುದ್ಧಿ. ಎಡವಟ್ಟಾದದ್ದೇ ಅಲ್ಲಿ.

ನಕ್ಷತ್ರ ಎಣಿಸು ಎಂದಳು. ಅವಳು ಎಲೆಅಡಿಕೆ ಬಾಯಿಗೆ ಹಾಕುವುದರೊಳಗೆ ಎಣಿಸಿ ಮುಗಿಸಿತು. ಮೀನಿನ ಭಾಷೆ ಕಲಿ ಎಂದಳು. ಕಲಿತು, ಮೀನುಗಳ ಮಾತು ಕೇಳಿ, ಕಲಿಯದಿದ್ದರೇ ಚೆನ್ನಾಗಿತ್ತು ಎಂದಿತು.

"ಇನ್ನೇನಮ್ಮಾ? ಇನ್ನೇನು?" ಹಗಲಿಡೀ ಇದೇ ರಾಗ. ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು. ಗಾಳಿಯನ್ನು ತಡೆದು "ನೀನು ಯಾಕೆ ಬೀಸ್ತೀಯಾ?" ಎಂದು ಕೇಳಿತು. ಪಾಪ, ಗಾಳಿ ಯೋಚಿಸುತ್ತ ಕೂತು ಆ ದಿನ ಬೀಸಲೇ ಇಲ್ಲ.

ಒಂದು ಬೆಳಿಗ್ಗೆ ಯಂತ್ರ ಸುತ್ತಿಗೆ ತಂದು ದುಗ್ಗಮ್ಮನ ಕೈಗಿಟ್ಟಿತು.

"ಅಮ್ಮಾ, ತಿಳಿಯೋದೆಲ್ಲ ಮುಗೀತು. ನನ್ನನ್ನ ಮುರಿದು ಬಾಣಲೆ ಮಾಡ್ಕೋ. ಬಾಣಲೆಗೆ ಬೇಜಾರಾಗಲ್ಲ."

ದುಗ್ಗಮ್ಮ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿದಳು. "ಬಾಯಿ ಮುಚ್ಚು! ತಲೆ ಕಾದಿದೆ ನಿಂಗೆ. ಹೋಗಿ ನೀರಲ್ಲಿ ಕೂತು ಈ ದಡದ ಮರಳನ್ನ ಸಮ ಮಾಡು. ಆಮೇಲೆ ಮುರೀತೀನಿ" ಎಂದಳು. ಸ್ವಲ್ಪ ದಿನ ತಳ್ಳಬಹುದು ಅಂತ ಅವಳ ಲೆಕ್ಕ.

ಯಂತ್ರ ಸಮುದ್ರಕ್ಕಿಳಿದು ತೋಳು ಬೀಸಿ ನೀರನ್ನು ದಡಕ್ಕೆ ನೂಕಿತು. ಒಂದೇ ಸಲಕ್ಕೆ ಮರಳೆಲ್ಲ ನುಣ್ಣಗಾಯಿತು.

"ಆಯ್ತಮ್ಮಾ. ಮುರಿ."

ಕೊಟ್ಟ ಮಾತು. ದುಗ್ಗಮ್ಮ ಅಳುತ್ತಲೇ ಸುತ್ತಿಗೆ ಎತ್ತಿದಳು. ಅಷ್ಟರಲ್ಲಿ ಒಂದು ಏಡಿ ಮೇಲೆ ಬಂದು, ಮರಳಿನ ಮೇಲೆ ಅಡ್ಡಡ್ಡ ನಡೆದು, ಗುಳಿ ತೋಡತೊಡಗಿತು.

"ಏಯ್! ಈಗಷ್ಟೇ ಸಮ ಮಾಡಿದ್ದೀನಿ!" ಯಂತ್ರ ಕೂಗಿತು.

"ನಿನ್ನ ಸಮ ಯಾರಿಗೆ ಬೇಕು? ನಂಗೆ ಮನೆ ಬೇಕು" ಎಂದಿತು ಏಡಿ.

ಯಂತ್ರ ರೇಗಿ ನೀರು ನೂಕಿ ಗುಳಿ ಮುಚ್ಚಿತು. ಏಡಿ ಮತ್ತೆ ತೋಡಿತು. ಅದು ಮುಚ್ಚಿತು, ಇದು ತೋಡಿತು. ಮುಚ್ಚಿತು, ತೋಡಿತು. ಸಂಜೆಯಾದರೂ ಯಂತ್ರ ಏಡಿಯ ವಂಶವನ್ನೆಲ್ಲ ಬೈಯುತ್ತಲೇ ಇತ್ತು. ಸಾಯುವ ಮಾತೇ ಎತ್ತಲಿಲ್ಲ.

ದುಗ್ಗಮ್ಮ ಸುತ್ತಿಗೆ ಕೆಳಗಿಟ್ಟು ಏಡಿಗೆ ಕೈಮುಗಿದಳು. "ನಿಲ್ಲಿಸಬೇಡ ತಾಯಿ. ನನ್ನ ಮಗುವಿನ ಜೀವ ನಿನ್ನ ಕೈಲಿದೆ."

"ನನ್ನೊಬ್ಬಳ ಕೈಲಿ ಆಗಲ್ಲ, ಸುಸ್ತಾಗುತ್ತೆ" ಎಂದಿತು ಏಡಿ. "ಊರಿನ ಮಕ್ಕಳನ್ನೂ ಕಳಿಸು."

ಅದಕ್ಕೇ ಮಗಾ, ಇವತ್ತೂ ನೀನು ಕಟ್ಟಿದ ಮರಳುಮನೆಯನ್ನು ಅಲೆ ಓಡಿಬಂದು ಅಳಿಸುತ್ತದೆ. ಅಳುತ್ತ ಕೂರಬೇಡ, ಬೇಗ ಇನ್ನೊಂದು ಕಟ್ಟು, ದಡ ಸಮವಾಗಿಯೇ ಉಳಿದರೆ ಯಂತ್ರಕ್ಕೆ ಮತ್ತೆ ಸಾಯುವ ಯೋಚನೆ ಬಂದೀತು.