ಗಂಟೆಗೆ ಬಂದ ದನಿ

“ಕೇಳಿರಿ, ಕೇಳಿರಿ! ಮುಸ್ಸಂಜೆಗೆ ಅರಮನೆಯ ಗಂಟೆ ಮನುಷ್ಯರ ದನಿಯಲ್ಲಿ ಒಗಟು ಕೇಳುತ್ತಿದೆ. ಮೂರನ್ನೂ ಒಡೆದವರು ಬೇಡಿದ್ದನ್ನು ಅರಸರು ಕೊಡುತ್ತಾರೆ. ತಪ್ಪಿದರೆ ತಲೆದಂಡ!”

ಡಂಗುರ ಕೇಳಿ, ಕೋಟೆಯಾಚೆ ಕುಂಬಾರರ ಮಣ್ಣು ತುಳಿಯುತ್ತಿದ್ದ ಹೊನ್ನಿಯ ಕಾಲು ನಿಂತವು. ಮುಸ್ಸಂಜೆಗೆ ಕೋಟೆಯಾಚೆಗೂ ಕೇಳುವ ಗಂಟೆಯ ಆ ದನಿಯನ್ನು ಅವಳು ಬಲ್ಲಳು. ಸತ್ತ ಅಪ್ಪನದು.

ಮೊದಲು ಮಂತ್ರಿಯ ಅಳಿಯ ಬಂದ. ಗಂಟೆ ಕೇಳಿತು: “ಕೂಗಿ ಕೂಗಿ ಕೇಳುವರು, ಉತ್ತರ ಬಂದರೆ ಕೇಳಿದವರೇ ಕಿವಿ ಮುಚ್ಚುವರು. ಯಾವ ಪ್ರಶ್ನೆ?”

“ಅತ್ತೆ ಸೊಸೆಗೆ ‘ಉಂಡೆಯಾ’ ಎನ್ನುವುದು!” ಎಂದು ನಕ್ಕ. ನಗು ಮುಖದಲ್ಲಿರುವಾಗಲೇ ತಲೆ ಉರುಳಿತು. ಜೋಯಿಸನೊಬ್ಬ “ಭವಿಷ್ಯ ಕೇಳುವವರ ಪ್ರಶ್ನೆ” ಎಂದ. ಅವನೂ ಹೋದ.

ಹೊನ್ನಿ ಮುಂದೆ ಬಂದಾಗ, ಆ ಗಂಟೆ ಎರೆದ ಕಂಚಿನ ಕಾರ್ಖಾನೆಯ ಪಾರುಪತ್ಯಗಾರ ಹಲ್ಲು ಕಡಿದ. “ನಿನ್ನಪ್ಪನ ನಾಲಿಗೆ ನಿನಗೂ ಬಂತೇನೇ?”

ಅವಳು ಗಂಟೆಯತ್ತಲೇ ನೋಡಿದಳು. “ಎರಕ ಹೊಯ್ಯುವ ಮುನ್ನ ಇವರು ‘ಕೊರತೆ ಇದೆಯೇ?’ ಎಂದು ಮೂರು ಸಲ ಕೂಗುತ್ತಾರೆ. ‘ಇಲ್ಲ’ ಎನ್ನುವುದೇ ವಾಡಿಕೆ, ‘ಇದೆ’ ಎಂದರೆ ಕಿವಿ ಮುಚ್ಚುತ್ತಾರೆ. ಆ ಪ್ರಶ್ನೆ.”

ಕತ್ತಿ ಏಳಲಿಲ್ಲ. ಗಂಟೆ ಎರಡನೆಯದನ್ನು ಕೇಳಿತು: “ಬೆಂಕಿ ಇಟ್ಟವನು ಒಳಗೆ, ಹೊಗೆ ಕಂಡೆನೆಂದವನು ಹೊರಗೆ. ಹೊರಗಿನವನ ಹೆಸರೇನು?”

ಊರಿನಲ್ಲಿ ಯಾರೂ ಉಸುರದ ಹೆಸರು ಅದು. “ತಿಪ್ಪೋಜ. ನನ್ನಪ್ಪ. ಈ ಗಂಟೆಗೆ ಈ ಪಾರುಪತ್ಯಗಾರರು ತವರ ಕದ್ದು ಸೀಸ ಬೆರೆಸುವುದನ್ನು ಕಂಡು ‘ಇದೆ’ ಎಂದ. ಕೆಲಸದಿಂದ ಅಟ್ಟಿದರು. ಕೋಟೆಬಾಗಿಲ ಹೊರಗೇ ಚಳಿಯಲ್ಲಿ ಸತ್ತ.”

ಗಂಟೆಯ ದನಿ ನಡುಗಿತು. “ಹಾಗಾದರೆ ಮಗಳೇ, ನಾಳೆ ‘ಇದೆ’ ಎನ್ನುವವನನ್ನು ಕಾಯುವುದು ಯಾವುದು?”

ಕತ್ತಿ ಒರೆಯಿಂದ ಹೊರಬಂತು. ಹೊನ್ನಿ ಗಂಟೆಯ ಪಕ್ಕ ಕುಳಿತಿದ್ದ ಅರಸನತ್ತ ತಿರುಗಿದಳು.

“ಇದರ ಉತ್ತರ ನಿಮ್ಮ ಬಾಯಲ್ಲಿದೆ, ಬುದ್ಧಿ. ನಾನು ಬೇಡುವುದೂ ಅದನ್ನೇ. ತಪ್ಪು ಕಂಡು ಹೇಳಿದವನ ಕೆಲಸ, ಕೂಲಿ, ಮನೆ ಯಾರೂ ಮುಟ್ಟದ ಹಾಗೆ ಕಟ್ಟಳೆ ಮಾಡಿ. ಮುಟ್ಟಿದವರನ್ನು ದಂಡಿಸಿ. ಮಾಡಿದರೆ ಉತ್ತರ ‘ಅರಸರ ಕಟ್ಟಳೆ’. ಇಲ್ಲವಾದರೆ ‘ಏನೂ ಇಲ್ಲ’. ಆಗ ನನ್ನ ತಲೆ ತೆಗೆಯಿರಿ.”

ಅರಸ ಕತ್ತಿಯನ್ನು ಒರೆಗೆ ಸೇರಿಸಲು ಕೈಸನ್ನೆ ಮಾಡಿದ. “ಮಾಡಿದೆ,” ಎಂದ. ಪಾರುಪತ್ಯಗಾರನ ಕೈಗೆ ಕೋಳ ಬಿತ್ತು. ಹೊನ್ನಿಗೆ ಅಪ್ಪನ ಕೆಲಸ ಸಿಕ್ಕಿತು. ಗಂಟೆ ಮಾತ್ರ ನಂಬಲಿಲ್ಲ. ದಿನವೂ ಸಂಜೆ ಒಳಗೊಳಗೇ ನರಳುತ್ತಿತ್ತು.

ಹೊಸ ಗಂಟೆಯ ಎರಕಕ್ಕೆ ಕುಲುಮೆ ಹೊತ್ತಿತು. “ಕೊರತೆ ಇದೆಯೇ?” ಎರಡು ಸಲ “ಇಲ್ಲ” ಬಂತು. ಮೂರನೆಯ ಕೂಗಿಗೆ ಗಾಳಿ ಊದುವ ತಿದಿಯ ಮರೆಯಿಂದ ಒಂದು ಅಂಜಿದ ದನಿ: “ಇದೆ. ಅಚ್ಚು ಬಿರಿದಿದೆ.”

ಎಲ್ಲರ ಕಣ್ಣೂ ಬಾಗಿಲಿಗೆ ಹೋದವು. ಅವನನ್ನು ಹೊರಗಟ್ಟಲು ಬಾಗಿಲು ತೆರೆಯಲಿಲ್ಲ. ಹೊನ್ನಿ ಕುಲುಮೆ ಆರಿಸಿದಳು. ಹೇಳಿದವನು ಅಂದು ಎಲ್ಲರ ಪಂಕ್ತಿಯಲ್ಲೇ ಕೂತು ಉಂಡ.

ಆ ಸಂಜೆ ಹೊನ್ನಿ ಹಳೆಯ ಗಂಟೆಯ ಕೆಳಗೆ ಕಿವಿಗೊಟ್ಟು ನಿಂತಳು. ದನಿ ಬರಲಿಲ್ಲ. ಅಪ್ಪ ನಿಜವಾಗಿಯೂ ಸತ್ತನೆಂದು ಅವಳು ಅತ್ತದ್ದು ಅಂದೇ.